ಬ್ಯಾಲೆ ಕಂಪನಿಯೊಳಗಿನ ಪ್ರೀತಿ: ಒಬ್ಬರು ಏರೋ ಹೊತ್ತಲ್ಲಿ ಇನ್ನೊಬ್ಬರು ಇಳೀತಿರ್ತಾರೆ

ಪ್ರಶ್ನೆ: ನಾನು ಕನ್ನಡದಲ್ಲಿ ಒಂದು ಕಾದಂಬರಿ ಬರೀತಿದ್ದೀನಿ. ಲಂಡನ್‌ನ ದೊಡ್ಡ ಬ್ಯಾಲೆ ಕಂಪನಿ, ನಾಯಕ 34 ವರ್ಷದ ಪ್ರಿನ್ಸಿಪಲ್ ಡ್ಯಾನ್ಸರ್, ನಾಯಕಿಗೆ 19, ಈಗಷ್ಟೇ ಕಂಪನಿ ಸೇರಿದವಳು. ಇಬ್ಬರಿಗೂ ಕೆರಿಯರ್ ಅಂದ್ರೆ ಜೀವ. ಆರು ಅಧ್ಯಾಯ ಮುಗಿದಿದೆ, ಆದ್ರೆ ಓದಿದ್ರೆ ಸೂಪರ್‌ಸ್ಟಾರ್ ಮತ್ತು ಅಭಿಮಾನಿ ಲವ್ ಸ್ಟೋರಿ ಥರಾನೇ ಅನ್ಸುತ್ತೆ. ನಿಜವಾದ ಕಂಪನಿಯಲ್ಲಿ ಇಂಥ ಪ್ರೀತಿ ಹೇಗಿರುತ್ತೆ? ಅವನು ಅವಳಿಗೆ ರೋಲ್ ಕೊಡಿಸಬಹುದಾ? ಕೊನೇಲಿ ಸ್ಟೇಜ್ ಮೇಲೆ ಪ್ರಪೋಸ್ ಮಾಡೋ ಸೀನ್ ಇಡಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿ ಆಯ್ತು, ಯಾಕಂದ್ರೆ ಬ್ಯಾಲೆ ಬಗ್ಗೆ ಕನ್ನಡದಲ್ಲಿ ಕಥೆ ಬರೆಯೋರೇ ಕಮ್ಮಿ, ಅದರಲ್ಲೂ ಬರೆದದ್ದು ಸರಿ ಅನ್ನಿಸ್ತಿಲ್ಲ ಅಂತ ನಿಲ್ಲಿಸಿ ಕೇಳೋರು ಇನ್ನೂ ಕಮ್ಮಿ. ನಿಮ್ಮ ತೊಂದ್ರೆ ಎಲ್ಲಿದೆ ಅಂತ ನಂಗೆ ಅನ್ಸೋದು ಹೇಳ್ತೀನಿ. ನೀವು ನಾಯಕನ್ನ ಮೇಲೆ ಕೂರಿಸಿದ್ದೀರಿ, ನಾಯಕಿನ ಕೆಳಗೆ ಇಟ್ಟಿದ್ದೀರಿ, ಇಬ್ರೂ ಆರು ಅಧ್ಯಾಯದಿಂದ ಅಲ್ಲಲ್ಲೇ ಇದ್ದಾರೆ. ಸಿನಿಮಾ ಸ್ಟಾರ್ ಆಗಿದ್ರೆ ಅದು ನಡೆಯುತ್ತೆ, ಅವನು ಅರವತ್ತಕ್ಕೂ ಹೀರೋ. ಬ್ಯಾಲೆಯಲ್ಲಿ ಹಾಗೆ ಯಾರೂ ಒಂದೇ ಕಡೆ ನಿಲ್ಲೋಕಾಗಲ್ಲ. ಹದಿನೆಂಟು ಹತ್ತೊಂಬತ್ತಕ್ಕೆ ಸೇರಿದ್ರೆ ನಲವತ್ತರ ಹತ್ತಿರ ಬರೋ ಹೊತ್ತಿಗೆ ಮುಗೀತು, ಪ್ಯಾರಿಸ್ ಒಪೇರಾ ಬ್ಯಾಲೆಯಲ್ಲಂತೂ 42ಕ್ಕೆ ನಿವೃತ್ತಿ ಅಂತ ನಿಯಮಾನೇ ಇದೆ, ಎಷ್ಟೇ ದೊಡ್ಡ ಹೆಸರಾದ್ರೂ ಹೂಗುಚ್ಛ ತಗೊಂಡು ಹೊರಡಬೇಕು. ಅಂದ್ರೆ ನಿಮ್ಮ 34ರ ನಾಯಕನಿಗೆ ಇನ್ನು ಉಳಿದಿರೋದು ಆರೇಳು ಒಳ್ಳೆ ವರ್ಷ, ಅದೂ ಮೊಣಕಾಲು ಹಿಮ್ಮಡಿ ಮಾತು ಕೇಳಿದ್ರೆ. ನಾಯಕಿ ನಿಜವಾಗ್ಲೂ ಪ್ರತಿಭೆ ಇರೋಳಾದ್ರೆ ಅದೇ ಆರೇಳು ವರ್ಷದಲ್ಲಿ ಅವನಿರೋ ಜಾಗಕ್ಕೆ ಬಂದಿರ್ತಾಳೆ. ಒಂದೇ ಮೆಟ್ಟಿಲಲ್ಲಿ ಒಬ್ಬರು ಹತ್ತುತ್ತಾ ಇನ್ನೊಬ್ಬರು ಇಳೀತಾ ನಡುವೆ ಎದುರಾಗಿದ್ದಾರೆ, ಅವರು ಕೈ ಹಿಡಿದಿರೋದು ಅಲ್ಲಿ. ಇದು ಇಬ್ಬರಿಗೂ ಮೊದಲ ದಿನದಿಂದ ಗೊತ್ತಿರುತ್ತೆ, ಯಾರೂ ಬಾಯಿ ಬಿಟ್ಟು ಹೇಳಲ್ಲ. ನಿಮ್ಮ ಕಾದಂಬರಿಯ ಕಥೆ ಇದೇ ಅಂತ ನಂಗನ್ಸುತ್ತೆ, ಅವನ ಹಳೇ ಗರ್ಲ್‌ಫ್ರೆಂಡ್ ವಾಪಸ್ ಬರೋ ಟ್ರ್ಯಾಕ್ ಏನಾದ್ರೂ ಇದ್ರೆ ತೆಗೆದುಹಾಕಿ, ಅದರ ಅಗತ್ಯ ಇಲ್ಲ.

ಮೊದಲು ಕಂಪನಿಯ ದರ್ಜೆಗಳು. ಲಂಡನ್‌ನ ರಾಯಲ್ ಬ್ಯಾಲೆಯಲ್ಲಿ ಆರ್ಟಿಸ್ಟ್, ಫಸ್ಟ್ ಆರ್ಟಿಸ್ಟ್, ಸೋಲೋಯಿಸ್ಟ್, ಫಸ್ಟ್ ಸೋಲೋಯಿಸ್ಟ್, ಪ್ರಿನ್ಸಿಪಲ್ ಅಂತ ಕೆಳಗಿಂದ ಮೇಲಕ್ಕೆ ಐದು ಹಂತ. ಹೊಸಬರು ಸಾಮಾನ್ಯವಾಗಿ ಕೋರ್ ದ ಬ್ಯಾಲೆಯಲ್ಲಿ ಇರ್ತಾರೆ, ಅಂದ್ರೆ ಗುಂಪಲ್ಲಿ. ಇಲ್ಲಿ ಹೊರಗಿನವರಿಗೆ ಗೊತ್ತಾಗದ ಒಂದು ಸಂಗತಿ ಇದೆ: ಪ್ರಿನ್ಸಿಪಲ್‌ಗಿಂತ ಕೋರ್‌ನಲ್ಲಿರೋರೇ ಜಾಸ್ತಿ ಶೋ ಆಡ್ತಾರೆ. ದೊಡ್ಡ ಬ್ಯಾಲೆಗೆ ನಾಲ್ಕೈದು ಜೋಡಿ ಇರ್ತವೆ, ಸರದಿ ಮೇಲೆ ಬರ್ತಾರೆ, ನಿಮ್ಮ ನಾಯಕ ಗುರುವಾರ ಒಂದು ಸ್ವಾನ್ ಲೇಕ್ ಆಡಿ ಆಮೇಲೆ ಹಲವು ದಿನ ಸಂಜೆ ಫ್ರೀ. ನಾಯಕಿ ಮಾತ್ರ ಹೆಚ್ಚುಕಮ್ಮಿ ಪ್ರತಿ ಶೋನಲ್ಲೂ ಹಂಸ, ಶನಿವಾರ ಆದ್ರೆ ಮಧ್ಯಾಹ್ನ ಒಂದ್ಸಲ ರಾತ್ರಿ ಒಂದ್ಸಲ. ಹಾಗಾಗಿ ನಿಮ್ಮ ಮೂರನೇ ಅಧ್ಯಾಯದಲ್ಲಿ ಅವಳು ಮನೇಲಿ ಅಡುಗೆ ಮಾಡಿಟ್ಟು ಅವನು ಶೋ ಮುಗಿಸಿ ಬರೋದನ್ನ ಕಾಯೋ ಥರ ಇದ್ರೆ ಅದನ್ನ ತಿರುಗಿಸಿ. ಕಾಯೋನು ಅವನು. ಅವಳು ರಾತ್ರಿ ಹನ್ನೊಂದಕ್ಕೆ ಕಾಲು ಊದಿಸಿಕೊಂಡು ಬಂದು ಐಸ್ ಬಕೆಟ್‌ನಲ್ಲಿ ಪಾದ ಇಟ್ಕೊಂಡು ಸಿಕ್ಕಿದ್ದು ತಿಂತಾ ಇರ್ತಾಳೆ, ಅವನಿಗೆ ಮಾತಾಡ್ಬೇಕು, ಅವಳಿಗೆ ನಿದ್ದೆ.

ಬೆಳಿಗ್ಗೆ ಹತ್ತು ಹತ್ತೂವರೆಗೆ ಕಂಪನಿ ಕ್ಲಾಸ್. ನಿನ್ನೆ ರಾತ್ರಿ ಯಾರು ರಾಜಕುಮಾರ ಆಗಿದ್ರು ಅನ್ನೋದೆಲ್ಲ ಅಲ್ಲಿ ನಡೆಯಲ್ಲ, ಎಲ್ಲರೂ ಬಾರ್ ಹಿಡ್ಕೊಂಡು ಪ್ಲಿಯೇಯಿಂದ, ಅಂದ್ರೆ ಮಂಡಿ ಬಗ್ಗಿಸೋದರಿಂದ ಶುರು, ಬಾರ್ ಅಂದ್ರೆ ಗೋಡೆ ಉದ್ದಕ್ಕೂ ಇರೋ ಮರದ ಕಂಬಿ. ಯಾರ ಜಾಗ ಯಾವುದು ಅಂತ ಎಲ್ಲೂ ಬರೆದಿರಲ್ಲ, ಆದ್ರೆ ಎಲ್ಲರಿಗೂ ಗೊತ್ತು, ಸೀನಿಯರ್ ವರ್ಷಗಟ್ಟಲೆ ನಿಂತ ಜಾಗದಲ್ಲಿ ಹೊಸ ಹುಡುಗಿ ಹೋಗಿ ನೀರಿನ ಬಾಟ್ಲಿ ಇಟ್ರೆ ರೂಮ್ ಪೂರ್ತಿ ಗಮನಿಸುತ್ತೆ. ನಿಮ್ಮ ಇಬ್ಬರು ಮೊದಲ ಸಲ ಭೇಟಿ ಆಗೋದು ಇಲ್ಲೇ ಯಾಕಾಗಬಾರದು? ಮತ್ತೆ ಅವರ ಪ್ರೀತಿ ಕಂಪನಿಗೆ ಗೊತ್ತಾಗೋದು ಕೂಡ ಇಲ್ಲಿಂದಲೇ, ಒಂದು ದಿನ ಅವಳು ತನ್ನ ಮೂಲೆ ಬಿಟ್ಟು ಅವನ ಪಕ್ಕದ ಬಾರ್‌ಗೆ ಬಂದು ನಿಂತ್ರೆ ಸಾಕು, ಬೇರೆ ಘೋಷಣೆ ಬೇಕಿಲ್ಲ.

ಈಗ ಒಂದು ದೃಶ್ಯ ಹೇಳ್ತೀನಿ, ಇದನ್ನ ನೀವು ಬರೀಲೇಬೇಕು ಅಂತ ನನ್ನ ಆಸೆ. ಸ್ವಾನ್ ಲೇಕ್ ಎರಡನೇ ಅಂಕ, ಕೆರೆ ದಂಡೆ. ಮಧ್ಯದಲ್ಲಿ ರಾಜಕುಮಾರ ಮತ್ತು ಹಂಸವಾಗಿರೋ ನಾಯಕಿ ಓಡೆಟ್ ಪಾ ದ ದೂ ಮಾಡ್ತಿದ್ದಾರೆ, ಅಂದ್ರೆ ಇಬ್ಬರ ಜೋಡಿ ನೃತ್ಯ, ಚೈಕೋವ್‌ಸ್ಕಿ ಅದಕ್ಕೆ ಒಂಟಿ ವಯಲಿನ್ ಇಟ್ಟಿದ್ದಾನೆ, ಆಮೇಲೆ ಚೆಲ್ಲೋ ಬಂದು ಸೇರ್ಕೊಳ್ಳುತ್ತೆ. ಸುತ್ತ ಸಾಲಾಗಿ ಹಂಸಗಳು, ಹೆಚ್ಚಿನ ಪ್ರೊಡಕ್ಷನ್‌ಗಳಲ್ಲಿ ಇಪ್ಪತ್ತನಾಲ್ಕು. ಅವರ ಕೆಲಸ ನಿಂತಿರೋದು. ಒಂದು ಕಾಲ ಮೇಲೆ ಭಾರ, ಇನ್ನೊಂದು ಹಿಂದೆ ಮಡಚಿ ಬೆರಳ ತುದಿ ನೆಲಕ್ಕೆ, ಕೈ ಮುಂದೆ ಕತ್ತರಿ, ಕತ್ತು ಓರೆ. ನಡುನಡುವೆ ಭಂಗಿ ಬದಲಾಯಿಸೋದು ಬಿಟ್ರೆ ಅಲ್ಲಾಡೋ ಹಾಗಿಲ್ಲ. ಈಗಷ್ಟೇ ಜಿಗಿದು ಬಂದ ಮೀನಖಂಡ ತಣ್ಣಗಾಗ್ತಾ ಹಿಡ್ಕೊಳ್ಳೋಕೆ ಶುರು ಆಗುತ್ತೆ, ಬೆವರು ಹುಬ್ಬಿಂದ ಕಣ್ಣಿಗೆ ಇಳಿಯುತ್ತೆ, ಒರೆಸ್ಕೊಳ್ಳೋ ಹಾಗಿಲ್ಲ, ಗರಿಯ ತಲೆಪಟ್ಟಿಯ ಪಿನ್ ಎಲ್ಲೋ ಚುಚ್ತಿದೆ. ಅವಳಿಂದ ಹತ್ತು ಅಡಿ ದೂರದಲ್ಲಿ ಅವಳು ಪ್ರೀತಿಸೋನು ಇನ್ನೊಬ್ಬಳ ಸೊಂಟ ಹಿಡಿದು ತಿರುಗಿಸ್ತಿದ್ದಾನೆ. ಪ್ರೇಕ್ಷಕರಿಗೆ ಸಂಗೀತ ಮಾತ್ರ ಕೇಳುತ್ತೆ, ಸಾಲಲ್ಲಿರೋಳಿಗೆ ಅವನ ಉಸಿರು ಕೇಳುತ್ತೆ, ಶೂ ನೆಲಕ್ಕೆ ಉಜ್ಜೋದು ಕೇಳುತ್ತೆ, ಲಿಫ್ಟ್‌ಗೆ ಮುಂಚೆ ಆ ಬ್ಯಾಲರೀನಾ ಕಿವಿ ಹತ್ರ ಅವನು ಪಿಸುಗುಟ್ಟೋ ಮಾತು ಕೂಡ. ಅವಳು ಕತ್ತು ತಿರುಗಿಸಿ ನೋಡೋ ಹಾಗಿಲ್ಲ, ನಿರ್ದೇಶಕರು ಹೇಳಿದ ಕಡೆಗೇ ದೃಷ್ಟಿ. ಅವಳಿಗೆ ಹೊಟ್ಟೆಕಿಚ್ಚು ಆಗುತ್ತೆ ಅಂತ ಬರೀಬೇಡಿ, ಅಷ್ಟು ಸರಳ ಇರಲ್ಲ. ಅವಳು ಆ ಬ್ಯಾಲರೀನಾಳನ್ನ ಕೇಳಿಸ್ಕೊಂಡು ಕಲೀತಿರ್ತಾಳೆ, ಇಲ್ಲಿ ಉಸಿರು ತಗೋಬೇಕು, ಇಲ್ಲಿ ಒಂದು ಕ್ಷಣ ತಡೀಬೇಕು ಅಂತ. ಅವಳಿಗೆ ಅವನೂ ಬೇಕು, ಆ ಬ್ಯಾಲರೀನಾಳ ಪಾತ್ರಾನೂ ಬೇಕು, ಮತ್ತೆ ಪಾತ್ರದ ಆಸೆಯೇ ಒಂಚೂರು ಜಾಸ್ತಿ ಇರಬಹುದು. ಇದನ್ನ ಬರೆಯೋಕೆ ಧೈರ್ಯ ಮಾಡಿದ್ರೆ ನಿಮ್ಮ ನಾಯಕಿ ಅಭಿಮಾನಿ ಸ್ಥಾನದಿಂದ ಎದ್ದು ಬರ್ತಾಳೆ.

ರೋಲ್ ಕೊಡಿಸೋ ವಿಚಾರ. ಕಾಸ್ಟಿಂಗ್ ಮಾಡೋದು ಆರ್ಟಿಸ್ಟಿಕ್ ಡೈರೆಕ್ಟರ್, ಜೊತೆಗೆ ರಿಹರ್ಸಲ್ ನೋಡ್ಕೊಳ್ಳೋ ಬ್ಯಾಲೆ ಮಾಸ್ಟರ್‌ಗಳ ಮಾತು ನಡೆಯುತ್ತೆ. ಎಷ್ಟೋ ಬ್ಯಾಲೆಗಳಿಗೆ ಹೊರಗಿಂದಾನೂ ಒಪ್ಪಿಗೆ ಬೇಕು, ಉದಾಹರಣೆಗೆ ನ್ಯೂಯಾರ್ಕ್‌ನ ಪ್ರಸಿದ್ಧ ನೃತ್ಯ ಸಂಯೋಜಕ ಬ್ಯಾಲಂಚೀನ್ ಕೃತಿ ಆಡಬೇಕು ಅಂದ್ರೆ ಬ್ಯಾಲಂಚೀನ್ ಟ್ರಸ್ಟ್‌ನವರು ತಮ್ಮ ಜನ ಕಳಿಸ್ತಾರೆ, ಅವರು ಬಂದು ಕ್ಲಾಸ್ ನೋಡಿ ಯಾರು ಬೇಕು ಅಂತ ಹೇಳ್ತಾರೆ, ಹಾಗೆ ಕೋರ್‌ನಲ್ಲಿರೋ ಯಾರೋ ಗೊತ್ತಿಲ್ಲದ ಹುಡುಗಿಗೆ ಒಮ್ಮೆಲೇ ದೊಡ್ಡ ಪಾತ್ರ ಸಿಗೋದು ಉಂಟು. ಪ್ರಿನ್ಸಿಪಲ್ ಆದವನು ನಂಗೆ ಇವಳ ಜತೆ ಟ್ರೈ ಮಾಡ್ಬೇಕು ಅಂತ ಹೇಳಬಹುದು, ಸೀನಿಯರ್ ಮಾತಿಗೆ ಬೆಲೆ ಇದೆ, ಅಷ್ಟೇ. ಅದರ ಮೇಲೆ ಎತ್ತರದ ಲೆಕ್ಕ ಇದೆ. ಪಾಯಿಂಟ್ ಶೂ, ಅಂದ್ರೆ ಬೆರಳ ತುದಿ ಮೇಲೆ ನಿಲ್ಲೋಕೆ ಇರೋ ಗಟ್ಟಿ ಶೂ, ಹಾಕ್ಕೊಂಡು ಎದ್ದು ನಿಂತ್ರೆ ಅವಳ ಎತ್ತರ ಹತ್ತು ಹದಿನೈದು ಸೆಂಟಿಮೀಟರ್ ಜಾಸ್ತಿ ಆಗುತ್ತೆ, ಆಗ ಅವಳು ಅವನಿಗಿಂತ ಉದ್ದ ಕಂಡ್ರೆ ಎಷ್ಟೇ ಪ್ರೀತಿ ಇದ್ರೂ ಜೋಡಿ ಹಾಕಲ್ಲ. ಇದು ನಿಮ್ಮ ಕಥೆಗೆ ವರ ಅಂದ್ಕೊಳ್ಳಿ. ಮತ್ತೆ ಅವನು ಅವಳ ಹೆಸರು ಹೇಳಿ ಅದರಿಂದ ಅವಳಿಗೆ ಪಾತ್ರ ಸಿಕ್ತು ಅಂತಾನೇ ಇಟ್ಕೊಳ್ಳಿ, ಕೋರ್ ಹುಡುಗಿಯರೆಲ್ಲ ಒಂದೇ ಡ್ರೆಸ್ಸಿಂಗ್ ರೂಮ್‌ನಲ್ಲಿ ಕೂತು ಶೂಗೆ ರಿಬ್ಬನ್ ಹೊಲ್ಕೊಳ್ತಾರೆ, ಆ ರೂಮ್‌ಗೆ ಅವಳು ಬಂದ ತಕ್ಷಣ ಮಾತು ನಿಲ್ಲುತ್ತೆ. ಅವಳು ಚೆನ್ನಾಗಿ ಆಡಿದ್ರೂ ಅವನಿಂದ ಸಿಕ್ತು ಅಂತಾರೆ, ಕೆಟ್ಟದಾಗಿ ಆಡಿದ್ರೆ ಕೇಳೋದೇ ಬೇಡ. ಅದಕ್ಕೇ ಬುದ್ಧಿ ಇರೋ ಸೀನಿಯರ್ ಅವಳ ಹೆಸರು ಬಂದಾಗ ಸುಮ್ಮನಿರ್ತಾನೆ. ಆ ಸುಮ್ಮನಿದ್ದದ್ದನ್ನ ಅವಳು ತಪ್ಪು ತಿಳ್ಕೊಳ್ಳೋದು, ಇದೊಂದೇ ನಿಮಗೆ ಎರಡು ಅಧ್ಯಾಯ ಕೊಡುತ್ತೆ.

ನಿಮ್ಮ ಕಥೆಗೆ ತೀರಾ ಹತ್ತಿರದ ನಿಜವಾದ ಜೋಡಿ ಅಂದ್ರೆ ಅಲಿನಾ ಕೊಜೊಕಾರು ಮತ್ತು ಯೋಹಾನ್ ಕೊಬ್ಬೊರ್ಗ್. 1999ರಲ್ಲಿ ಇಬ್ರೂ ರಾಯಲ್ ಬ್ಯಾಲೆಗೆ ಬಂದ್ರು, ಡೆನ್ಮಾರ್ಕ್‌ನ ಕೊಬ್ಬೊರ್ಗ್ ನೇರವಾಗಿ ಪ್ರಿನ್ಸಿಪಲ್ ಆಗಿ, ಅವರಿಗಿಂತ ಒಂಬತ್ತು ವರ್ಷ ಚಿಕ್ಕವರಾದ ರೊಮೇನಿಯಾದ ಕೊಜೊಕಾರು ಕೋರ್‌ಗೆ. ನೋಡಿ, ಆಕೆ ಅದಕ್ಕೆ ಮುಂಚೆ ಕೀವ್‌ನಲ್ಲಿ ಪ್ರಿನ್ಸಿಪಲ್ ಆಗಿದ್ದವರು, ಅದನ್ನ ಬಿಟ್ಟು ಲಂಡನ್‌ಗೋಸ್ಕರ ಕೆಳಗಿನ ಹಂತಕ್ಕೆ ಇಳಿದು ಬಂದ್ರು, ಮಹತ್ವಾಕಾಂಕ್ಷೆ ಅಂದ್ರೆ ಅದು. 2001ರಲ್ಲಿ ಜಿಸೆಲ್ ಅನ್ನೋ ಬ್ಯಾಲೆಯ ನಾಯಕಿಯಾಗಿ ಆಡಿದ ಮೇಲೆ ಪ್ರಿನ್ಸಿಪಲ್, ಆಗ ಹತ್ತೊಂಬತ್ತು ವಯಸ್ಸು. ಅಂದ್ರೆ ಇಬ್ಬರ ನಡುವಿನ ದರ್ಜೆಯ ಅಂತರ ಎರಡೇ ವರ್ಷದಲ್ಲಿ ಹೋಯ್ತು. ಸ್ಟೇಜ್ ಮೇಲೂ ಜೋಡಿ, ಜೀವನದಲ್ಲೂ ಜೋಡಿ. 2013ರಲ್ಲಿ ಇಬ್ಬರೂ ಒಟ್ಟಿಗೆ ರಾಯಲ್ ಬ್ಯಾಲೆ ಬಿಟ್ರು, ಆಕೆ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸೇರಿ ಕುಣಿಯೋದು ಮುಂದುವರಿಸಿದ್ರು, ಆತ ಬುಕಾರೆಸ್ಟ್‌ನ ಬ್ಯಾಲೆಗೆ ನಿರ್ದೇಶಕರಾದ್ರು. ಆತ ಕುಣಿತದಿಂದ ನಿರ್ದೇಶನಕ್ಕೆ ಹೋಗೋ ವಯಸ್ಸಲ್ಲಿ ಆಕೆಗೆ ಇನ್ನೂ ಪೂರ್ತಿ ಕೆರಿಯರ್ ಬಾಕಿ, ಹಾಗಾಗಿ ಮನೆ ಎಲ್ಲಿ ಮಾಡ್ಬೇಕು, ಯಾರ ಊರಿಗೆ ಯಾರು ಹೋಗ್ಬೇಕು ಅನ್ನೋ ಪ್ರಶ್ನೆ ಇಂಥ ಪ್ರತಿ ಜೋಡಿಗೂ ಬಂದೇ ಬರುತ್ತೆ.

ಇನ್ನೊಂದು ಜೋಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಬ್ಯಾಲೆ ಇತಿಹಾಸದಲ್ಲಿ ಈ ವಿಷಯವನ್ನ ಇಷ್ಟು ತೀವ್ರವಾಗಿ ಬದುಕಿದವರು ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ರುಡಾಲ್ಫ್ ನುರೆಯೆವ್ ಮತ್ತು ಎರಿಕ್ ಬ್ರೂನ್. ಸೋವಿಯತ್ ನರ್ತಕ ನುರೆಯೆವ್ 1961ರ ಜೂನ್‌ನಲ್ಲಿ ಪ್ಯಾರಿಸ್‌ನ ಲ ಬೂರ್ಜೆ ಏರ್‌ಪೋರ್ಟ್‌ನಲ್ಲಿ ಸೋವಿಯತ್ ಕಾವಲಿನಿಂದ ತಪ್ಪಿಸ್ಕೊಂಡು ಪಶ್ಚಿಮದಲ್ಲಿ ಉಳಿದುಬಿಟ್ಟ, ಆಗ 23. ಅದೇ ಬೇಸಿಗೆಯಲ್ಲಿ ಬ್ಯಾಲರೀನಾ ಮಾರಿಯಾ ಟಾಲ್‌ಚೀಫ್ ಜತೆ ಕೋಪನ್‌ಹೇಗನ್‌ಗೆ ಹೋದ, ಅಲ್ಲಿ ಬ್ರೂನ್ ಸಿಕ್ಕ. ಬ್ರೂನ್‌ಗೆ ಆಗ 32, ಆ ಕಾಲದ ಅತ್ಯಂತ ಶುದ್ಧ ಶೈಲಿಯ ಗಂಡು ನರ್ತಕ ಅಂತ ಹೆಸರು, ಡೆನ್ಮಾರ್ಕ್‌ನ ಹಳೇ ನೃತ್ಯ ಸಂಯೋಜಕ ಬೂರ್ನೊನ್‌ವಿಲ್ ಪರಂಪರೆಯಲ್ಲಿ ಮಗುವಿದ್ದಾಗಿಂದ ತಯಾರಾದವನು. ನುರೆಯೆವ್ ಲೆನಿನ್‌ಗ್ರಾಡ್ ಸ್ಕೂಲ್ ಸೇರಿದ್ದೇ 17ಕ್ಕೆ, ಬ್ಯಾಲೆ ಲೆಕ್ಕದಲ್ಲಿ ತುಂಬಾ ತಡ, ಹಾಗಾಗಿ ತನ್ನ ಪಾದ ತನ್ನ ಗೆರೆ ಬ್ರೂನ್ ಥರ ಇಲ್ಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು. ಇಬ್ರೂ ಒಂದೇ ಬಾರ್‌ನಲ್ಲಿ ಕ್ಲಾಸ್ ಮಾಡಿದ್ರು, ಪ್ರೀತಿಸಿದ್ರು. ನುರೆಯೆವ್‌ಗೆ ಬ್ರೂನ್‌ನ ಶುದ್ಧತೆ ಬೇಕು, ಬ್ರೂನ್‌ಗೆ ನುರೆಯೆವ್‌ನ ಬೆಂಕಿ ಬೇಕು. ಆದ್ರೆ ಮರುವರ್ಷವೇ, 1962ರಲ್ಲಿ, ಲಂಡನ್‌ನಲ್ಲಿ ನುರೆಯೆವ್ ಹೆಸರು ಹೇಗೆ ಎದ್ದಿತು ಅಂದ್ರೆ ಅದೇ ಸಮಯಕ್ಕೆ ರಾಯಲ್ ಬ್ಯಾಲೆಗೆ ಅತಿಥಿಯಾಗಿ ಬಂದಿದ್ದ ಬ್ರೂನ್ ಕಡೆ ಜನ ಸರಿಯಾಗಿ ತಿರುಗಿ ನೋಡ್ಲಿಲ್ಲ. ಕಲಿಸಿದವನು ಹಿಂದೆ, ಕಲಿತವನು ಮುಂದೆ. ಯಾರ ತಪ್ಪೂ ಇಲ್ಲ ಇದರಲ್ಲಿ. ಕೆಲವು ವರ್ಷದ ನಂತರ ಪ್ರೇಮಿಗಳಾಗಿ ಒಟ್ಟಿಗಿರೋಕೆ ಆಗ್ಲಿಲ್ಲ, ಆದ್ರೆ ಸಂಬಂಧ ಕಡಿದುಹೋಗ್ಲಿಲ್ಲ, 1986ರಲ್ಲಿ ಬ್ರೂನ್ ಟೊರಾಂಟೋದಲ್ಲಿ ಕ್ಯಾನ್ಸರ್‌ನಿಂದ ಸಾಯೋ ಹೊತ್ತಲ್ಲಿ ನುರೆಯೆವ್ ವಿಮಾನ ಹತ್ತಿ ನೋಡೋಕೆ ಹೋದ. ಇನ್ನೊಂದು ವಿವರ ಇಟ್ಕೊಳ್ಳಿ: ಬ್ರೂನ್ ಲಾ ಸಿಲ್ಫೀಡ್‌ನ ಯುವಕ ಜೇಮ್ಸ್ ಪಾತ್ರಕ್ಕೆ ಪ್ರಸಿದ್ಧ, ನಾಯಕ ಪಾತ್ರಗಳನ್ನ 1972ರಲ್ಲಿ ಬಿಟ್ಟ ಮೇಲೆ ಅದೇ ಬ್ಯಾಲೆಯಲ್ಲಿ ಜೇಮ್ಸ್‌ನ ಹಾಳು ಮಾಡೋ ಮಾಟಗಾತಿ ಮ್ಯಾಜ್ ಆಗಿ ಸ್ಟೇಜ್‌ಗೆ ವಾಪಸ್ ಬಂದ. ಇದು ನಿಮ್ಮ ನಾಯಕನಿಗೂ ಕಾದಿರೋ ದಾರಿ. ಇವತ್ತಿಗೂ ಕಂಪನಿಗಳಲ್ಲಿ ವಯಸ್ಸಾದ ಗಂಡಸರು ಅಭಿನಯದ ಪಾತ್ರಗಳಿಗೆ ಹೋಗ್ತಾರೆ, ನಟ್‌ಕ್ರ್ಯಾಕರ್‌ನಲ್ಲಿ ಹಿಂದೆ ಪ್ರಿನ್ಸ್ ಆಗಿದ್ದವನು ಈಗ ನಿಲುವಂಗಿ ಹಾಕ್ಕೊಂಡು ಮಾಯಗಾರ ಮುದುಕ ಡ್ರೊಸೆಲ್‌ಮಯರ್ ಆಗ್ತಾನೆ. ನಾಯಕಿ ಅದೇ ಬ್ಯಾಲೆಯ ಮುಖ್ಯ ಪಾತ್ರ ಶುಗರ್ ಪ್ಲಮ್ ಫೇರಿ ಆಗಿ ಮೊದಲ ಸಲ ಮಧ್ಯಕ್ಕೆ ಬರೋ ರಾತ್ರಿ ಅವನು ಅದೇ ಸ್ಟೇಜ್‌ನಲ್ಲಿ ಪಕ್ಕದಲ್ಲಿ ನಿಂತು ನೋಡ್ತಿರಲಿ. ಮೊದಲು ಅವಳು ಸಾಲಲ್ಲಿ ನಿಂತಿದ್ದಳಲ್ಲ, ಈಗ ಸರದಿ ಅವನದು.

ವಯಸ್ಸಿನ ಲೆಕ್ಕ ಉಲ್ಟಾ ಇದ್ರೂ ಯೋಚನೆ ಮಾಡಿ. ರಾಯಲ್ ಬ್ಯಾಲೆಯ ದೊಡ್ಡ ಬ್ಯಾಲರೀನಾ ಮಾರ್ಗೋ ಫಾಂಟೇನ್‌ಗೆ 42, ನಿವೃತ್ತಿ ಹತ್ರ ಬಂತು ಅಂತ ಎಲ್ಲರೂ ಅಂದ್ಕೊಂಡಿದ್ರು, ಬಹಳ ಕಾಲದ ಪಾರ್ಟ್‌ನರ್ ಮೈಕಲ್ ಸೋಮ್ಸ್ ಆಗಲೇ ರಾಜಕುಮಾರ ಪಾತ್ರಗಳಿಂದ ಹಿಂದೆ ಸರಿದಿದ್ರು. ಆಗ 23ರ ಹುಡುಗ ನುರೆಯೆವ್ ಜತೆ ಆಡ್ತೀರಾ ಅಂತ ಕೇಳಿದಾಗ ಆಕೆ ಮೊದಲು ಹಿಂಜರಿದ್ರು, ಪಕ್ಕದಲ್ಲಿ ನಾನು ಮುದುಕಿ ಕಾಣ್ತೀನೇನೋ ಅನ್ನೋ ಭಯ. 1962ರ ಫೆಬ್ರವರಿ 21, ಲಂಡನ್‌ನ ಕೊವೆಂಟ್ ಗಾರ್ಡನ್ ರಂಗಮಂದಿರ, ಜಿಸೆಲ್. ಆಮೇಲೆ ಆಕೆ ಹದಿನೈದು ವರ್ಷಕ್ಕೂ ಹೆಚ್ಚು ಕುಣಿದ್ರು. ಇವರಿಬ್ಬರ ನಡುವೆ ಪ್ರೇಮ ಇತ್ತೋ ಇಲ್ವೋ ಅಂತ ಜನ ಇವತ್ತಿಗೂ ವಾದ ಮಾಡ್ತಾರೆ, ನಂಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ನಂಗೆ ಮುಖ್ಯ ಅನ್ನಿಸೋದು, ಏರ್ತಿರೋ ಹುಡುಗನಿಗೆ ಆಕೆ ಸ್ಟೇಜ್ ಮೇಲಿನ ಘನತೆ ಕೊಟ್ರು, ಅವನಿಂದ ಆಕೆಗೆ ಸಮಯ ಸಿಕ್ತು. ನಿಮ್ಮ ಕಥೇಲೂ ಇಳೀತಿರೋನಿಗೆ ಏರ್ತಿರೋಳಿಂದ ಏನಾದ್ರೂ ಸಿಗಲಿ, ಬರೀ ದುಃಖ ಬೇಡ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳ್ಬೇಕು. ಪ್ರೀತಿಸೋನ ಕೈಯಲ್ಲೇ ಕಾಸ್ಟಿಂಗ್ ಇದ್ರೆ ಅದು ಬೇರೆನೇ ಕಥೆ, ಮತ್ತೆ ನೋವಿನ ಕಥೆ. ನ್ಯೂಯಾರ್ಕ್ ಸಿಟಿ ಬ್ಯಾಲೆಯ ಜಾರ್ಜ್ ಬ್ಯಾಲಂಚೀನ್ 1965ರಲ್ಲಿ ಡಾನ್ ಕಿಹೋಟೆ ಮಾಡಿದಾಗ ಅವರಿಗೆ 61, ತಾವೇ ಡಾನ್ ಪಾತ್ರದಲ್ಲಿ ನಿಂತ್ರು, ಎದುರಿಗೆ 19ರ ಸುಝಾನ್ ಫ್ಯಾರಲ್. ಆಕೆಯ ಪ್ರತಿಭೆ ಬಗ್ಗೆ ಎರಡು ಮಾತಿಲ್ಲ, ಆದ್ರೆ ಅವರ ಮೋಹ ಕಂಪನಿಗೆಲ್ಲ ಗೊತ್ತಿತ್ತು. 1969ರಲ್ಲಿ ಫ್ಯಾರಲ್ ಅದೇ ಕಂಪನಿಯ ಯುವ ನರ್ತಕ ಪಾಲ್ ಮೆಹಿಯಾನ ಮದುವೆಯಾದ್ರು, ಕೆಲವೇ ತಿಂಗಳಲ್ಲಿ ಮೆಹಿಯಾಗೆ ಪಾತ್ರ ಸಿಗದೇ ಹೋಗಿ ಗಂಡ ಹೆಂಡತಿ ಇಬ್ರೂ ಹೊರಬಿದ್ರು. ಆಮೇಲೆ ಬ್ರಸೆಲ್ಸ್‌ನಲ್ಲಿ ಮೊರೀಸ್ ಬೆಜಾರ್ ಕಂಪನಿ. ಫ್ಯಾರಲ್ ನ್ಯೂಯಾರ್ಕ್‌ಗೆ ಮರಳಿದ್ದು 1975ರಲ್ಲಿ. ಒಬ್ಬ ನರ್ತಕಿಗೆ ಐದಾರು ವರ್ಷ ಅಂದ್ರೆ ಎಷ್ಟು ಅಂತ ಮೇಲೆ ಹೇಳಿದ್ದೀನಲ್ಲ. ನಿಮ್ಮ ನಾಯಕನ ಕೈಯಲ್ಲಿ ಕಾಸ್ಟಿಂಗ್ ಇಲ್ಲ ನಿಜ, ಆದ್ರೂ 34 ಮತ್ತು 19ರ ನಡುವೆ ಒಂದು ಭಾರ ಇದ್ದೇ ಇರುತ್ತೆ, ಅದನ್ನ ಮುದ್ದು ಮುದ್ದಾಗಿ ಮುಚ್ಚಬೇಡಿ ದಯವಿಟ್ಟು. ಅವನ ನಿರೀಕ್ಷೆಯಿಂದ ದೂರ ಇರೋ ಒಬ್ಬ ಟೀಚರ್ ಅವಳಿಗಿರಲಿ, ಕೋರ್‌ನಲ್ಲಿ ಒಬ್ಬ ಗೆಳತಿ ಇರಲಿ, ಅವನು ಬೇಡ ಅಂದ್ರೂ ಅವಳು ತಗೊಳ್ಳೋ ಒಂದು ನಿರ್ಧಾರ ಇರಲಿ. ಮತ್ತೆ ನೀವು ನಾಯಕಿಗೆ ಇನ್ನೆರಡು ವರ್ಷ ಸೇರಿಸಿ 21 ಮಾಡಿದ್ರೆ ಕಥೆಗೆ ಏನೂ ನಷ್ಟ ಆಗಲ್ಲ.

ಸಣ್ಣ ಪುಟ್ಟ ವಿವರ ಬೇಗ ಹೇಳಿಬಿಡ್ತೀನಿ. ಪಾಯಿಂಟ್ ಶೂನ ರಿಬ್ಬನ್ ಎಲಾಸ್ಟಿಕ್ ಎಲ್ಲ ಅವಳೇ ಹೊಲ್ಕೋಬೇಕು, ಪ್ರಿನ್ಸಿಪಲ್ ಆದ್ರೂ ಹೆಚ್ಚಿನವರು ತಾವೇ ಹೊಲೀತಾರೆ, ಭಾರಿ ಪಾತ್ರ ಇದ್ರೆ ಒಂದು ಜೋಡಿ ಒಂದೇ ರಾತ್ರಿಗೆ ಸತ್ತುಹೋಗುತ್ತೆ. ಸ್ಟೇಜ್ ಮೇಲೆ ಉಂಗುರ ಹಾಕಲ್ಲ, ಪಾರ್ಟ್‌ನರ್ ಕೈಗೆ ತರಚುತ್ತೆ, ಬಟ್ಟೆಗೆ ಸಿಕ್ಕಿಹಾಕ್ಕೊಳ್ಳುತ್ತೆ. ಜಗಳ ಆಡಿದ ದಿನಾನೂ ರಿಹರ್ಸಲ್ ಇದ್ರೆ ಅವನು ಅವಳನ್ನ ತಲೆ ಮೇಲೆ ಎತ್ತಲೇಬೇಕು, ಅವಳು ಪೂರ್ತಿ ನಂಬಿ ಜಿಗೀಲೇಬೇಕು, ಅರ್ಧ ಮನಸ್ಸಿಂದ ಜಿಗಿದ್ರೆ ಇಬ್ಬರಿಗೂ ಪೆಟ್ಟು. ಗಾಯದ ವಿಷಯ ಬರೆಯುವಾಗ ಅವಳಿಗೆ ಪಾದದ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಮೂಳೆಯಲ್ಲಿ ಸಣ್ಣ ಬಿರುಕು ಇಡಿ, ಅವನಿಗೆ ಅಕಿಲಿಸ್, ಅಂದ್ರೆ ಹಿಮ್ಮಡಿ ಮೇಲಿನ ಸ್ನಾಯುರಜ್ಜು ಗಾಯ ಇಡಿ. ಅವಳು ಒಂದೆರಡು ತಿಂಗಳಲ್ಲಿ ವಾಪಸ್ ಬರ್ತಾಳೆ, ಅವನ ಅಕಿಲಿಸ್ ಹರಿದ್ರೆ ಆ ವಯಸ್ಸಿಗೆ ಒಂದು ಸೀಸನ್ ಹೋಯ್ತು, ಫಿಸಿಯೋ ಟೇಬಲ್ ಮೇಲೆ ಪಕ್ಕ ಪಕ್ಕ ಮಲಗಿರೋ ಇಬ್ಬರ ಭಯ ಒಂದೇ ಥರ ಇರಲ್ಲ.

ಪ್ರಪೋಸಲ್ ಸೀನ್. ಪ್ರೇಕ್ಷಕರ ಮುಂದೆ ಮಂಡಿಯೂರಿ ಪ್ರಪೋಸ್ ಮಾಡಿದ ನರ್ತಕರು ನಿಜವಾಗ್ಲೂ ಇದ್ದಾರೆ, ಹಾಗಾಗಿ ಸುಳ್ಳು ಅಂತ ಯಾರೂ ಹೇಳಲ್ಲ. ಆದ್ರೆ ನಿಮ್ಮ ಕಥೆ ಮುಗಿಯೋ ಹೊತ್ತಿಗೆ ಅವಳು ಎಲ್ಲಿದ್ದಾಳೆ ಅನ್ನೋದರ ಮೇಲೆ ಅದು ನಿಂತಿದೆ. ಅವಳಿನ್ನೂ ಕೋರ್‌ನಲ್ಲಿದ್ರೆ ಅದು ಆಗಲ್ಲ, ಯಾಕಂದ್ರೆ ಕೊನೆಯ ನಮಸ್ಕಾರದಲ್ಲಿ ಅವರೆಲ್ಲ ಹಿಂದಿನ ಸಾಲು, ಅವನು ಮಧ್ಯದಲ್ಲಿ ಇನ್ನೊಬ್ಬಳ ಕೈ ಹಿಡಿದಿರ್ತಾನೆ. ಅವಳು ಮೊದಲ ಸಲ ಮುಖ್ಯ ಪಾತ್ರ ಮಾಡಿದ ರಾತ್ರಿ ಇಟ್ರೆ ನಂಗೆ ಸರಿ ಅನ್ನಿಸಲ್ಲ, ಆ ರಾತ್ರಿ ಅವಳದು, ಅದನ್ನ ಅವನು ತನ್ನ ಕಡೆ ಎಳ್ಕೊಂಡ ಹಾಗಾಗುತ್ತೆ, ಒಳ್ಳೆ ಪಾರ್ಟ್‌ನರ್ ಯಾರೂ ಹಾಗೆ ಮಾಡಲ್ಲ. ಪರದೆ ಬಿದ್ದ ಮೇಲೆ ಕಂಪನಿ ಪೂರ್ತಿ ಸ್ಟೇಜ್ ಮೇಲೇ ನಿಂತಿರುತ್ತೆ, ಎಷ್ಟೋ ಸಲ ನಿರ್ದೇಶಕರು ಬಂದು ಬಡ್ತಿ ಘೋಷಿಸೋದು ಆ ಐದು ನಿಮಿಷದಲ್ಲಿ, ಎಲ್ಲರೂ ಚಪ್ಪಾಳೆ ತಟ್ಟಿ ಅಳ್ತಾರೆ. ಅವಳಿಗೆ ಅಲ್ಲಿ ಬಡ್ತಿ ಕೊಡಿ. ಮದುವೆ ಮಾತು ಇನ್ನೊಂದು ದಿನಕ್ಕಿರಲಿ, ಮತ್ತೆ ಕೇಳೋದು ಅವಳೇ ಆಗಿರಲಿ, ಅಷ್ಟು ಹೊತ್ತಿಗೆ ಅವನಿಗೆ ಕೇಳೋಕೆ ಧೈರ್ಯ ಸಾಲದೇ ಹೋಗಿರುತ್ತೆ ಅಂತ ನನ್ನ ಊಹೆ.